ಖಾಲಿ ಸೀಟಿನ ಭಾರ

ಮಸೂತಿ
11 ನವೆಂಬರ್ 2024

ತಮ್ಮಾ ಖಲೀಲ,

ನಿನಗೆ ಹದಿನೇಳು ಸಲ ಫೋನ್ ಮಾಡಿದ್ದೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ಎಣಿಸದೆ ಬಿಡುತ್ತಾಳೆಯೇ? ಕೊನೆಗೆ ನಿನ್ನೆ ಸಿಂದಗಿಯ ಬಸ್ಸು ಹತ್ತಿ ನಿಮ್ಮ ಮನೆಗೇ ಹೋದೆ. "ಫೋನ್ ಅಂದ್ರ ಈಗ ಅಂವಗ ಆಗಿಬರಂಗಿಲ್ಲವಾ. ಕಾಗದಾ ಬರಿ, ಓದ್ತಾನ," ಎಂದು ನಿಮ್ಮ ಅವ್ವ ಶಾಹಿಸ್ತಾ ತಾಳಿಕೋಟೆಯ ವಿಳಾಸ ಕೊಟ್ಟರು. ಸೋದರಮಾವ ಗೈಬುಸಾಬರ ಅಂಗಡಿಯಲ್ಲಿ ಗಾಡಿಗಳ ಸೀಟಿಗೆ ಕವರ್ ಹೊಲಿಯುತ್ತಿದ್ದೀಯಂತೆ. ಡ್ರಮ್ ಬಾರಿಸುವ ಕೈ ಸೂಜಿ ಹಿಡಿದಿದೆ ಎಂದು ಕೇಳಿ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು.

ವಿಷಯಕ್ಕೆ ಬರುತ್ತೇನೆ. ಪುಣೆಯಲ್ಲಿ ನಿಮ್ಮ ಕಾರ್ಯಕ್ರಮ ನಡೆಸಿದ ಕಂಪನಿಯವರು ವಿಮಾನ ಅಪಘಾತದ ತನಿಖಾಧಿಕಾರಿಗಳಿಗೆ ಒಂದು ವರದಿ ಕೊಟ್ಟಿದ್ದಾರೆ. ಅದರ ಪ್ರತಿ ನಮಗೂ ಬಂದಿದೆ. ಅದರಲ್ಲಿ ಏನು ಬರೆದಿದ್ದಾರೆ ಗೊತ್ತೇ? "ಕಲಾವಿದರೇ ಹಠ ಮಾಡಿ ಮಿತಿಗಿಂತ ಹೆಚ್ಚು ಭಾರ ಹೇರಿಸಿದರು, ಪೈಲಟ್ ನಿರ್ಲಕ್ಷ್ಯದಿಂದ ಒಪ್ಪಿದರು." ಅಷ್ಟೇ. ನನ್ನ ತಮ್ಮ ಮಾಳಿಂಗ, ಇಂಡಿ ಊರಿನ ಕಾಂತು, ಆ ಪೈಲಟ್ ನಿಂಬಾಳಕರ, ಮೂವರೂ ತಮ್ಮ ಸಾವನ್ನು ತಾವೇ ತಂದುಕೊಂಡರು ಎಂದು ಮೂರು ಸಾಲಿನಲ್ಲಿ ಮುಗಿಸಿದ್ದಾರೆ.

ಮನೆಯಲ್ಲಿ ಅಪ್ಪನದು ಇನ್ನೊಂದು ವರದಿ. ಆರು ತಿಂಗಳಿಂದ ಒಂದೇ ಮಾತು: "ವೀಳ್ಯಾ ಹಿಡದಾಂವ ನಾ. ನಾನ ಕೊಂದೆ." ನಿನಗೆ ಗೊತ್ತೇ ಇದೆ. ಎದುರು ಮೇಳದವರು ಕೊಟ್ಟ ಎಲೆ ಅಡಿಕೆಯನ್ನು ಒಮ್ಮೆ ಕೈಯಲ್ಲಿ ಹಿಡಿದರೆ, ಹೇಳಿದ ದಿನ ಹೊತ್ತು ಮುಳುಗುವ ಮೊದಲು ನಮ್ಮ ಮೇಳ ನಮ್ಮ ಡೊಳ್ಳಿನ ಜೊತೆ ಬಯಲಿನಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಹಾಡುವ ಮೊದಲೇ ಸೋತಂತೆ. ಅಂದು ಅಪ್ಪ ಕೊಲ್ಹಾರದಲ್ಲಿ, ಡೊಳ್ಳನ್ನು ಪುಣೆಗೆ ಒಯ್ದಿದ್ದ ಮಗನ ದಾರಿ ನೋಡುತ್ತ ನಿಂತಿದ್ದರು. ಈಗ ಡೊಳ್ಳಿನ ಸದ್ದು ಎಲ್ಲಿ ಕೇಳಿದರೂ ಎದ್ದು ಹೋಗುತ್ತಾರೆ.

ಹೇಳಿಕೆ ಕೊಡಲು ಫೆಬ್ರುವರಿ ಹದಿನೈದರವರೆಗೆ ಅವಕಾಶವಿದೆ. ಅಂದು ಅಲ್ಲಿದ್ದು ಬದುಕಿರುವವನು ನೀನೊಬ್ಬ. ಏನು ನಡೆಯಿತೋ ಬರೆದು ಕಳಿಸು. ನಾನು ಸುಮ್ಮನೆ ಬಿಡುವವಳಲ್ಲ.

ನಿನ್ನ ಅಕ್ಕ,
ಭಾಗ್ಯಾ


ತಾಳಿಕೋಟೆ
20 ನವೆಂಬರ್ 2024

ಭಾಗ್ಯಕ್ಕನವರಿಗೆ ಖಲೀಲನ ಸಲಾಮು.

ನಿಮ್ಮ ಕಾಗದ ಬಂದು ಐದು ದಿನವಾಯಿತು. ಮಾವ ದಿನಾ ಕೇಳುತ್ತಾರೆ, "ಜವಾಬ ಬರದ್ಯೋ ಇಲ್ಲೋ?" ಎಂದು. ಇವತ್ತು ಅಂಗಡಿ ಬಾಗಿಲು ಹಾಕಿ ಕೂತಿದ್ದೇನೆ.

ಅಕ್ಕಾ, ನನಗೆ ಅಂದಿನದು ಬರೆಯಲು ಕೈ ಬರುತ್ತಿಲ್ಲ. ಮೊದಲಿನದು ಎಷ್ಟು ಬೇಕಾದರೂ ಬರೆಯುತ್ತೇನೆ. ಸಿಂದಗಿ ಕಾಲೇಜಿನ ಗ್ಯಾದರಿಂಗಿನಲ್ಲಿ ಮಾಳ್ಯಾ ಎಲೆಕ್ಟ್ರಿಕ್ ಗಿಟಾರ್ ಹಾಕಿಕೊಂಡು ಬಂದು ನಿಮ್ಮ ಅಪ್ಪನ ಡೊಳ್ಳಿನ ಪದ ಎತ್ತಿಕೊಂಡ. ಹಿಂದೆ ಕೂತಿದ್ದ ನನಗೆ "ಹೊಡಿಯಲೇ" ಎಂದ. ಯಾವ ತಾಳ ಎಂದೂ ಹೇಳಲಿಲ್ಲ. ಪ್ರಿನ್ಸಿಪಾಲರು ಎರಡು ಸಲ ಕರೆಂಟು ತೆಗೆಸಿದರು. ಕರೆಂಟು ಹೋದರೂ ಅವನ ದನಿ ಕೊನೆಯ ಬೆಂಚಿನವರೆಗೂ ಕೇಳುತ್ತಿತ್ತು. ಅಂದೇ ಕಾಂತು ಬಂದು ಕೂಡಿಕೊಂಡ, ಅಂದೇ ನಮ್ಮ ಬ್ಯಾಂಡಿಗೆ 'ಕರಿಕಂಬಳಿ' ಎಂದು ಹೆಸರಾಯಿತು. ನಿಮ್ಮ ಅಪ್ಪ ಮೊದಲ ಸಲ ಕೇಳಿ ಏನಂದರು ನೆನಪಿದೆಯೇ? "ಆ ಗಿಟಾರ ಸುಮ್ಮನಾದಾಗ ಹಾಡ ಭಾಳ ಚಲೋ ಕೇಳಸ್ತೈತಿ." ಮಾಳ್ಯಾ ಅದನ್ನು ಪ್ರತಿ ಕಾರ್ಯಕ್ರಮದಲ್ಲೂ ಹೇಳಿ ನಗಿಸುತ್ತಿದ್ದ. ಎದುರಿನವರು ಯಾವ ಸವಾಲು ಹಾಕಿದರೂ ನಿಂತ ಕಾಲಲ್ಲೇ ಪದ ಕಟ್ಟುತ್ತಿದ್ದ. ಇಪ್ಪತ್ತೇಳು ವರ್ಷಕ್ಕೆ ಅಷ್ಟು ಪದ ಯಾರ ಹೊಟ್ಟೆಯಲ್ಲಿರುತ್ತವೆ ಅಕ್ಕಾ?

ಅಂದು ನನ್ನ ಹೊಟ್ಟೆ ಕೆಟ್ಟಿತ್ತು. ಅದಕ್ಕೆ ವಿಮಾನ ಹತ್ತದೆ ಬಸ್ಸಿಗೆ ಬಂದೆ. ನನಗೆ ಗೊತ್ತಿರುವುದು ಇಷ್ಟೇ. ಕಂಪನಿಯವರ ಕೈ ದೊಡ್ಡದು. ಹೋದವರಂತೂ ಬರುವುದಿಲ್ಲ, ನೀವು ಇದನ್ನು ಇಲ್ಲಿಗೇ ಬಿಟ್ಟರೆ ಒಳ್ಳೆಯದು. ಅಪ್ಪನವರನ್ನು ಚೆನ್ನಾಗಿ ನೋಡಿಕೊಳ್ಳಿ.

ಖಲೀಲ


ಮಸೂತಿ
25 ನವೆಂಬರ್ 2024

ಖಲೀಲ,

ಬಿಡು ಎಂದರೆ ಬಿಡುವ ಜಾತಕವಲ್ಲ ನನ್ನದು. ಎಂಟನೆಯ ಇಯತ್ತೆಯ ಹುಡುಗರಿಗೆ ಕೂಡಿಸಿ ಕಳೆಯುವುದನ್ನು ಕಲಿಸುತ್ತೇನೆ. ಅಷ್ಟನ್ನೇ ಕಂಪನಿಯ ಕಾಗದದ ಮೇಲೂ ಮಾಡಿದೆ.

ಕಂಪನಿಯವರು ಗೊತ್ತುಮಾಡಿದ್ದ ಆ ವಿಮಾನದಲ್ಲಿ ಪೈಲಟ್ ಬಿಟ್ಟರೆ ಮೂರು ಸೀಟು. ಪೈಲಟ್ ಭಾರ ಬಿಟ್ಟು ಹೇರಬಹುದಾದದ್ದು ಇನ್ನೂರ ಮೂವತ್ತು ಕಿಲೋ. ಮಾಳಿಂಗ ಅರವತ್ತೆಂಟು, ಕಾಂತು ಎಪ್ಪತ್ತನಾಲ್ಕು. ಗಿಟಾರು, ಚೀಲ ಎಲ್ಲ ಸೇರಿ ಮೂವತ್ತು. ಎರಡು ಡೊಳ್ಳು ಇಪ್ಪತ್ತೆಂಟು. ಒಟ್ಟು ಇನ್ನೂರು. ಇನ್ನೂ ಮೂವತ್ತು ಕಿಲೋಗೆ ಜಾಗವಿತ್ತು! ಹಾಗಾದರೆ ಡೊಳ್ಳಿನಿಂದ ವಿಮಾನ ಬಿತ್ತು ಎನ್ನುವುದು ಶುದ್ಧ ಸುಳ್ಳು.

ವಿಮಾನ ಬಿದ್ದ ಹೊಲದಲ್ಲಿ ಸಿಕ್ಕ ವಸ್ತುಗಳ ಪಟ್ಟಿಯ ಕೊನೆಯಲ್ಲಿ ಮೂರು ಸ್ಪೀಕರ್ ಪೆಟ್ಟಿಗೆಗಳಿವೆ. ಒಂದೊಂದು ಇಪ್ಪತ್ತಾರು ಕಿಲೋ. ಅಲ್ಲಿಗೆ ಎಪ್ಪತ್ತೆಂಟು. ಎಲ್ಲವನ್ನೂ ವಿಮಾನದ ಹಿಂಭಾಗದಲ್ಲೇ ತುಂಬಿದ್ದರಂತೆ. ಬಾಲ ಭಾರವಾಗಿ, ಮೂತಿ ಮೇಲೆದ್ದು, ಬಿಸಿಲಿನ ತೆಳು ಗಾಳಿಯಲ್ಲಿ ಏರಲಾರದೆ ಬಿದ್ದಿದೆ. ನೀವು ಮೂವರೂ ಸ್ಪೀಕರ್ ಹೊತ್ತುಕೊಂಡು ತಿರುಗಿದ್ದನ್ನು ನಾನಂತೂ ಕಂಡಿಲ್ಲ. ಡೊಳ್ಳಿನ ಮೇಳಕ್ಕೆ ಹೊರಟವರಿಗೆ ಅವು ಏಕೆ ಬೇಕು? ಮರುದಿನ ಕಲಬುರಗಿಯಲ್ಲಿ ಅದೇ ಕಂಪನಿಯ ಇನ್ನೊಂದು ಕಾರ್ಯಕ್ರಮವಿತ್ತು. ವಿಮಾನ ಇಳಿಯಬೇಕಾಗಿದ್ದದ್ದೂ ಕಲಬುರಗಿಯಲ್ಲೇ.

ಈಗ ಹೇಳು. ಆ ಪೆಟ್ಟಿಗೆಗಳನ್ನು ಇಟ್ಟವರು ಯಾರು? ನಿನ್ನ ಹೊಟ್ಟೆ ಕೆಟ್ಟಿದ್ದರೂ ಕಣ್ಣು ನೆಟ್ಟಗಿದ್ದವಲ್ಲ.

ಭಾಗ್ಯಾ


ತಾಳಿಕೋಟೆ
9 ಡಿಸೆಂಬರ್ 2024

ಅಕ್ಕಾ,

ನನಗೆ ನೆನಪಿಲ್ಲ. ಕೈ ಮುಗಿದು ಕೇಳುತ್ತೇನೆ, ನನ್ನನ್ನು ಇದಕ್ಕೆ ಕರೆಯಬೇಡಿ. ನಾನು ಬಾಯಿ ಬಿಟ್ಟರೆ ನಿಮಗೇ ಒಳ್ಳೆಯದಾಗುವುದಿಲ್ಲ.

ಖಲೀಲ


ಮಸೂತಿ
14 ಡಿಸೆಂಬರ್ 2024

ಖಲೀಲ,

ನನಗೇ ಒಳ್ಳೆಯದಾಗುವುದಿಲ್ಲವೇ? ಹೆದರಿಸುವುದನ್ನೂ ಕಲಿತೆಯಾ?

ನಿಮ್ಮ ಓಣಿಯವರು ಹೇಳಿದರು. ಜುಲೈ ತಿಂಗಳಲ್ಲಿ ಕಂಪನಿಯ ಟೆಂಪೊ ಬಂದು ನಿಮ್ಮ ಮನೆಯ ಮುಂದೆ ಪೂರ್ತಿ ಡ್ರಮ್ ಸೆಟ್ ಇಳಿಸಿ ಹೋಯಿತಂತೆ. ನಾನು ನಂಬಿರಲಿಲ್ಲ. ಈಗ ನಂಬುತ್ತೇನೆ. ನಿನ್ನ ಬಾಯಿಗೆ ಹಾಕಿದ ಬೀಗ ಅದೇ ಇರಬೇಕು. ನಮ್ಮ ಮನೆಯಲ್ಲಿ ಕೂತು ಅವ್ವ ಇದ್ದಾಗ ಅವಳ ಕೈಯ ರೊಟ್ಟಿ ತಿಂದವನು ನೀನು. ಮಾಳಿಂಗ ತನ್ನ ತಟ್ಟೆಯ ಮೊಸರು ನಿನಗೆ ಹಾಕಿ ತಾನು ಒಣ ರೊಟ್ಟಿ ಕಡಿಯುತ್ತಿದ್ದ. ಅವನ ಹೆಸರಿಗೆ ಮಸಿ ಬಳಿಯುತ್ತಿದ್ದರೆ ನೀನು ತಲೆ ತಗ್ಗಿಸಿ ಸೀಟಿನ ಕವರ್ ಹೊಲಿಯುತ್ತಾ ಕೂತಿದ್ದೀ.

ನೀನು ಬರೆಯದಿದ್ದರೆ ಬೇಡ. ನಾನೊಬ್ಬಳೇ ಹೋಗುತ್ತೇನೆ. ಇನ್ನು ನಿನಗೆ ಕಾಗದ ಬರೆಯುವುದಿಲ್ಲ.

ಭಾಗ್ಯಾ


ಮಸೂತಿ
12 ಜನವರಿ 2025

ತಮ್ಮಾ,

ಬರೆಯುವುದಿಲ್ಲ ಎಂದು ಬರೆದವಳೇ ಮತ್ತೆ ಬರೆಯುತ್ತಿದ್ದೇನೆ. ಬೇಕಾದರೆ ನಗು.

ನಿನ್ನೆ ಇಂಡಿಗೆ ಹೋಗಿದ್ದೆ, ಕಾಂತುವಿನ ಅವ್ವ ಶೇವಂತೆವ್ವನ ಸಹಿ ಬೇಕಿತ್ತು. ಅವಳ ಮುಂದೆ ನಿನ್ನನ್ನು ಬಾಯಿಗೆ ಬಂದಂತೆ ಬಯ್ದೆ. ಅವಳು ಕೇಳಿ ಕೇಳಿ ಕೊನೆಗೆ ಹೇಳಿದಳು, "ಯಾರಿಗೆ ಬಯ್ಯಾಕತ್ತೀಯವಾ? ಆ ಹುಡುಗ ತಿಂಗಳಿಗೊಮ್ಮಿ ತಾಳಿಕೋಟಿಯಿಂದ ಬರ್ತಾನ. ನನ್ನ ಮುಂದ ಕುಂದರ್ತಾನ. ಒಂದ ಮಾತ ಆಡಂಗಿಲ್ಲ. ನೀರಿನ ಕೊಡಾ ತುಂಬಿಟ್ಟ ಹೋಗ್ತಾನ." ಡ್ರಮ್ ಸೆಟ್ ವಿಷಯವನ್ನೂ ಅವಳೇ ಹೇಳಿದಳು. ಅದು ನಿನ್ನದೇ ಹಳೆಯದಂತೆ. ಪುಣೆಯಿಂದ ಲಾರಿಯಲ್ಲಿ ಹೊರಟಿದ್ದು ಎರಡು ತಿಂಗಳು ಯಾವುದೋ ಗೋದಾಮಿನಲ್ಲಿ ಬಿದ್ದು ಮನೆ ಮುಟ್ಟಿತಂತೆ. ನೀನು ಅದರ ಹೊದಿಕೆಯನ್ನೂ ಬಿಚ್ಚಿಲ್ಲವಂತೆ.

ನನ್ನ ನಾಲಿಗೆ ಉದ್ದ. ಮೊದಲಿನಿಂದಲೂ ಹಾಗೇ. ಅದರಿಂದ ಯಾರಿಗೆ ಎಷ್ಟು ನೋವಾಗಿದೆಯೆಂದು ಲೆಕ್ಕ ಇಟ್ಟಿಲ್ಲ. ತಪ್ಪಾಯಿತು.

ಒಂದೇ ಪ್ರಶ್ನೆ ಕೇಳುತ್ತೇನೆ, ಇದು ಕೊನೆಯದು. ನೀನು ಬಾಯಿ ಮುಚ್ಚಿಕೊಂಡು ಯಾರನ್ನು ಕಾಪಾಡುತ್ತಿದ್ದೀ?

ಭಾಗ್ಯಕ್ಕ


ತಾಳಿಕೋಟೆ
19 ಜನವರಿ 2025

ಭಾಗ್ಯಕ್ಕನವರಿಗೆ,

ನೀವು ಕೇಳಿದ್ದಕ್ಕೆ ಉತ್ತರ ಕೊಡದೆ ಇನ್ನು ನನಗೆ ಉಳಿಗಾಲವಿಲ್ಲ. ಮಾವನಿಗೆ ಓದಿ ಹೇಳಿದೆ. "ಖರೇ ಇದ್ದದ್ದ ಬರಿ, ಆಮ್ಯಾಲ ಏನ ಆಗ್ತೈತಿ ಆಗ್ಲಿ," ಎಂದರು.

ನನ್ನ ಹೊಟ್ಟೆ ಕೆಟ್ಟಿರಲಿಲ್ಲ.

ಮೇ ಹತ್ತೊಂಬತ್ತು, ಬೆಳಿಗ್ಗೆ ಒಂಬತ್ತು ಗಂಟೆ. ಪುಣೆಯಾಚೆಯ ಸಣ್ಣ ವಿಮಾನ ನಿಲ್ದಾಣ, ಆಗಲೇ ಬಿಸಿಲು ಸುಡುತ್ತಿತ್ತು. ಪೈಲಟ್ ನಿಂಬಾಳಕರ ಸಾಹೇಬರು ಕೊಕ್ಕೆಯ ತಕ್ಕಡಿ ತಂದು ಒಂದೊಂದು ಚೀಲವನ್ನೂ ನೇತುಹಾಕಿ ತೂಗಿದರು. ನಮ್ಮನ್ನೂ ಬಿಡಲಿಲ್ಲ, ನಿಲ್ಲಿಸಿ ತೂಕ ನೋಡಿ ಕೈಮೇಲೆ ಪೆನ್ನಿನಿಂದ ಬರೆದುಕೊಂಡರು. ಅವರನ್ನು ನಿರ್ಲಕ್ಷ್ಯದವರು ಎನ್ನುವವನ ನಾಲಿಗೆ ಸೀಳಬೇಕು. ಮೂವತ್ತಾರು ಕಿಲೋ ಹೆಚ್ಚಾಗಿತ್ತು. "ಡೊಳ್ಳು, ಒಂದು ಚೀಲ ಬಿಡಿ. ಇಲ್ಲ, ನಾಳೆ ನಸುಕಿನಲ್ಲಿ ತಂಪಿಗೆ ಹೋಗೋಣ," ಎಂದರು. ಮಾಳ್ಯಾ, "ಹಂಗಾದ್ರ ನಾವು ಬಸ್ಸಿಗೆ ಹೋಗ್ತೇವ್ರಿ," ಎಂದ. ಹಾಗೆ ಹೋಗಿದ್ದರೆ ಕೊಲ್ಹಾರಕ್ಕೆ ಎರಡು ತಾಸು ತಡವಾಗುತ್ತಿತ್ತು. ಅದನ್ನು ಹೇಳಲು ಮನೆಗೆ ಫೋನ್ ಹಚ್ಚಿದ.

ಎತ್ತಿದವರು ನೀವು. ಕೈಯಲ್ಲಿ ಸಾಮಾನಿತ್ತು ಎಂದು ಅವನು ಫೋನನ್ನು ಸ್ಪೀಕರಿಗೆ ಹಾಕಿದ್ದ. ನೀವು ಆಡಿದ ಮಾತನ್ನು ಕಾಂತು ಕೇಳಿದ, ನಾನು ಕೇಳಿದೆ. ಆ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಫೋನ್ ಜೇಬಿಗೆ ಹಾಕಿ ಮಾಳ್ಯಾ ಪೈಲಟ್ ಸಾಹೇಬರ ಕಡೆ ತಿರುಗಿ, "ಇವತ್ತ ಹೋಗಬೇಕ್ರಿ. ಡೊಳ್ಳು ಬಿಡಂಗಿಲ್ರಿ," ಎಂದ.

ಡೊಳ್ಳಿನ ಮೇಳಕ್ಕೆ ನನ್ನ ಡ್ರಮ್ ಬೇಕಾಗಿರಲಿಲ್ಲ. ನಾನು ಇಳಿಯುತ್ತೇನೆ ಎಂದೆ. ಅರವತ್ತಾರು ಕಿಲೋ ಇಳಿಯಿತು. ಸಾಹೇಬರು ಮತ್ತೆ ಕೂಡಿಸಿ ನೋಡಿ ಸರಿ ಎಂದು ತಲೆಯಾಡಿಸಿದರು. ಮಾಳ್ಯಾ ನನ್ನ ಕಡೆ ನೋಡಿ ಒಂದು ಸಲ "ಬ್ಯಾಡೋ" ಎನ್ನುತ್ತಾನೆ ಎಂದುಕೊಂಡಿದ್ದೆ. ಅನ್ನಲಿಲ್ಲ. ನನಗೆ ಅಸಾಧ್ಯ ಸಿಟ್ಟು ಬಂತು. ಹತ್ತು ವರ್ಷದ ದೋಸ್ತನಿಗಿಲ್ಲದ ಸೀಟು ಡೊಳ್ಳಿಗೆ ಸಿಕ್ಕಿತಲ್ಲ ಎಂದು ಚೀಲ ಹೆಗಲಿಗೆ ಹಾಕಿ ತಿರುಗಿ ನೋಡದೆ ನಡೆದೆ.

ಆದರೆ ಗೇಟಿನ ಹತ್ತಿರ ತಿರುಗಿ ನೋಡಿದೆ. ಸಾಹೇಬರು ಮುಂದೆ ತಮ್ಮ ಸೀಟಿನಲ್ಲಿ ಕೂತು ರೇಡಿಯೊದಲ್ಲಿ ಮಾತಾಡುತ್ತಿದ್ದರು. ಹಿಂದಿನ ಬಾಗಿಲು ತೆಗೆದಿತ್ತು. ಕಂಪನಿಯ ಮ್ಯಾನೇಜರ್ ನಿಂತು ಇಬ್ಬರು ಆಳುಗಳಿಂದ ಕರಿ ಪೆಟ್ಟಿಗೆಗಳನ್ನು ಒಳಗಿಡಿಸುತ್ತಿದ್ದ. "ಒಂದ ಸೀಟ ಖಾಲಿ ಆತಲ್ಲ, ಇಡ್ರಿ," ಎಂದದ್ದು ನನ್ನ ಕಿವಿಗೆ ಬಿತ್ತು. ನಾನು ಕೂಗಬಹುದಿತ್ತು. ಐವತ್ತು ಹೆಜ್ಜೆ ಓಡಿ ಸಾಹೇಬರ ಕಿಟಕಿ ಬಡಿಯಬಹುದಿತ್ತು. ಸಿಟ್ಟಿನಲ್ಲಿ ಅಂದುಕೊಂಡೆ, ಆಗಲಿ, ಮತ್ತೆ ತೂಗಲಿ, ಮತ್ತೆ ಬೈಸಿಕೊಳ್ಳಲಿ, ಮಾಳ್ಯಾನಿಗೂ ಗೊತ್ತಾಗಲಿ ಎಂದು. ಮತ್ತೆ ಯಾರೂ ತೂಗಲಿಲ್ಲ.

ಸೊಲ್ಲಾಪುರದ ಹತ್ತಿರ ಬಸ್ಸು ಚಹಕ್ಕೆ ನಿಂತಿತು. ತಪ್ಪಾಯಿತು ಎನ್ನೋಣವೆಂದು ಅವನಿಗೆ ಫೋನ್ ಹಚ್ಚಿದೆ. ಬೇರೆ ಯಾರೋ ಎತ್ತಿದರು.

ನಾನು ಪೆಟ್ಟಿಗೆಯ ವಿಷಯ ಹೇಳಿದರೆ, ಅವನು ಡೊಳ್ಳು ಬಿಡುವುದಿಲ್ಲ ಎಂದು ಯಾಕೆ ಹಠ ಹಿಡಿದ ಎಂದು ಕೇಳುತ್ತಾರೆ. ಆಗ ನಿಮ್ಮ ಫೋನಿನ ವಿಷಯವನ್ನೂ ಹೇಳಬೇಕಾಗುತ್ತದೆ. ಕಂಪನಿಯವರು ಅದನ್ನೇ ಹಿಡಿದು ಎಳೆದಾಡುತ್ತಾರೆ. ನಿಮ್ಮ ಅಪ್ಪನ ಕಿವಿಗೂ ಬೀಳುತ್ತದೆ. ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದೆ. ಈಗ ನೀವು ಏನು ಬರೆ ಎನ್ನುತ್ತೀರೋ ಅದನ್ನು ಬರೆಯುತ್ತೇನೆ. ಫೋನಿನ ಮಾತು ಬಿಡು ಎಂದರೆ ಬಿಡುತ್ತೇನೆ.

ಖಲೀಲ


ಮಸೂತಿ
30 ಜನವರಿ 2025

ತಮ್ಮಾ ಖಲೀಲ,

ಬಿಡಬೇಡ.

ಐದು ದಿನ ನಿನ್ನ ಕಾಗದವನ್ನು ಶಾಲೆಯ ಚೀಲದಲ್ಲಿ ಇಟ್ಟುಕೊಂಡು ತಿರುಗಿದೆ. ನಿನಗೆ ಗೊತ್ತಿಲ್ಲ ಎಂದೇ ನಾನು ಧೈರ್ಯವಾಗಿ ನಿನ್ನನ್ನು ಬಯ್ಯುತ್ತಿದ್ದೆ. ಆ ಫೋನಿನ ವಿಷಯ ಗೊತ್ತಿದ್ದ ಇಬ್ಬರಲ್ಲಿ ಒಬ್ಬ ಸತ್ತಿದ್ದಾನೆ, ಇನ್ನೊಬ್ಬಳು ನಾನು ಎಂದುಕೊಂಡಿದ್ದೆ. ಎಂಟು ತಿಂಗಳು ಅಪ್ಪ "ನಾನ ಕೊಂದೆ" ಎಂದು ನನ್ನೆದುರಿಗೇ ಹೇಳುತ್ತಿದ್ದರು. ನಾನು ಅವರಿಗೆ ಊಟ ಬಡಿಸುತ್ತಿದ್ದೆ, ಆದರೆ "ಅಲ್ಲ" ಎಂದು ಒಂದು ದಿನವೂ ಹೇಳಲಿಲ್ಲ. ಅವರ ಬೆನ್ನ ಹಿಂದೆ ಅಡಗಿ ಕೂತಿದ್ದೆ. ನಿನ್ನ ಬಾಯಿಗೆ ಬೀಗ ಹಾಕಿದ್ದಾರೆ ಎಂದವಳು ನಾನು.

ಮೊನ್ನೆ ಮಂಗಳವಾರ ಮುದ್ದೇಬಿಹಾಳದ ಮೇಳದ ಹಿರಿಯರು ಬಂದಿದ್ದರು, ಅಂದು ಕೊಲ್ಹಾರದಲ್ಲಿ ನಮ್ಮ ಎದುರು ನಿಲ್ಲಬೇಕಾಗಿದ್ದವರು. ಅಪ್ಪನ ಮುಂದೆ ಕೂತು, ಮೇಳ ಮತ್ತೆ ಎಬ್ಬಿಸು ಎಂದು ಒತ್ತಾಯ ಮಾಡಿದರು. ನಾನು ಚಹ ಕೊಡುತ್ತ ಕೇಳಿಯೇ ಬಿಟ್ಟೆ, "ಅವತ್ತ ನಾವು ಎರಡ ತಾಸ ತಡಾ ಮಾಡಿ ಬಂದಿದ್ರ ಏನ್ ಮಾಡ್ತಿದ್ರಿ, ಕಾಕಾ?"

"ಏನ್ ಮಾಡ್ತಿದ್ವಿ? ಕಾಯ್ತಿದ್ವಿ," ಎಂದರು. "ಆ ಹುಡುಗನ ಎದುರು ಹಾಡೂದು ಅಂದ್ರ ಹಬ್ಬ ನಮಗ. ಎರಡ ತಾಸ ಏನ, ಬೆಳತನಾ ಕಾಯ್ತಿದ್ವಿ. ನೀವ ಒಂದ ಮಾತ ಕೇಳಬೇಕಾಗಿತ್ತವಾ."

ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋಗಿ ಗೋಡೆಗೆ ಆತು ನಿಂತೆ. ಅವರು ಹೋದ ಮೇಲೆ ಅಪ್ಪನ ಎದುರು ಕೂತು ಎಲ್ಲ ಹೇಳಿದೆ. ಫೋನಿನಲ್ಲಿ ನಾನು ಆಡಿದ್ದನ್ನು ಒಂದು ಅಕ್ಷರ ಬಿಡದೆ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿದ್ದೆ. ಅವರು, "ಹಂಗ ಮಾತಾಡೂದನ್ನ ನನ್ನ ಕಡೆನ ಕಲ್ತಿ ನೀ," ಎಂದರು. ಮತ್ತೆ, "ಖಲೀಲ ಬರಿಯಾಂವ ಅದಾನಿಲ್ಲೋ? ನೀನೂ ಬರಿ. ಒಳಗ ಇಟಗೊಂಡ ಸಾಯಬ್ಯಾಡ," ಎಂದರು.

ನೆರೆಯವರು, ನನ್ನ ಜೊತೆಯ ಟೀಚರ್ ಸುವರ್ಣಾ ಸಹ, ಫೋನಿನ ಮಾತು ಬರೆಯಬೇಡ ಎನ್ನುತ್ತಿದ್ದಾರೆ. ಬರೆದರೆ ಕಂಪನಿಯವರಿಗೆ ನಾನೇ ಕೋಲು ಕೊಟ್ಟಂತೆ ಎನ್ನುತ್ತಾರೆ. ಇರಬಹುದು. ಆದರೆ ನಮ್ಮ ಕಡೆಯದನ್ನು ಮುಚ್ಚಿಟ್ಟು ಅವರ ಕಡೆಯದನ್ನು ಮಾತ್ರ ತೋರಿಸಿದರೆ, ಅವರಿಗೂ ನಮಗೂ ಏನು ಫರಕು? ಒಂದು ಕಡೆ ಮುಚ್ಚಿದ್ದು ಬಯಲಾದರೆ ಪೆಟ್ಟಿಗೆಯ ಸತ್ಯವನ್ನೂ ಯಾರೂ ನಂಬುವುದಿಲ್ಲ. ನಿಂಬಾಳಕರರ ಹೆಸರು ಹಾಗೇ ಮಣ್ಣಿನಲ್ಲಿ ಉಳಿಯುತ್ತದೆ.

ನೀನು ಕಂಡದ್ದನ್ನು ಕಂಡಂತೆ ಬರೆ. ಗೇಟಿನಲ್ಲಿ ನಿನಗೆ ಬಂದ ಸಿಟ್ಟನ್ನು ಬರೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನನ್ನ ಮಾತನ್ನು ಮಾತ್ರ ನಾನೇ ಬರೆಯುತ್ತೇನೆ. ಹೇಳಿಕೆಯ ಪ್ರತಿ ನಿನಗೂ ಕಳಿಸುತ್ತೇನೆ. ಫೆಬ್ರುವರಿ ಹನ್ನೆರಡಕ್ಕೆ ತನಿಖಾಧಿಕಾರಿಗಳ ಮುಂದೆ ವಿಚಾರಣೆಯಿದೆ. ಅಂದು ಬೆಳಿಗ್ಗೆ ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಗು, ಕೂಡಿಯೇ ಹೋಗೋಣ.

ನಿನ್ನ ಅಕ್ಕ,
ಭಾಗ್ಯಾ


ತಾಳಿಕೋಟೆ
5 ಫೆಬ್ರುವರಿ 2025

ಅಕ್ಕಾ,

ಬರೆದಿದ್ದೇನೆ. ಒಂಬತ್ತು ಪುಟವಾಯಿತು. ಗೇಟಿನ ಸಿಟ್ಟನ್ನೂ ಬರೆದಿದ್ದೇನೆ. ಹನ್ನೆರಡಕ್ಕೆ ಬರುತ್ತೇನೆ. ತಡವಾದರೆ ಫೋನ್ ಮಾಡಿ, ಎತ್ತುತ್ತೇನೆ.

ಖಲೀಲ


ಮಸೂತಿ, ತಾ. ಬಸವನ ಬಾಗೇವಾಡಿ
10 ಫೆಬ್ರುವರಿ 2025

ಮಾನ್ಯ ತನಿಖಾಧಿಕಾರಿಗಳಿಗೆ,

ವಿಷಯ: 19 ಮೇ 2024ರ ವಿಮಾನ ಅಪಘಾತದ ಕುರಿತು ನನ್ನ ಹೇಳಿಕೆ.

ನಾನು ಮೃತ ಗಾಯಕ ಮಾಳಿಂಗನ ಅಕ್ಕ. ಕಂಪನಿಯ ವರದಿಯಲ್ಲಿರುವ ತೂಕಗಳನ್ನೇ ಕೂಡಿಸಿ ನೋಡಿದರೆ, ಡೊಳ್ಳುಗಳೂ ಸೇರಿ ಕಲಾವಿದರ ಒಟ್ಟು ಭಾರ ಇನ್ನೂರು ಕಿಲೋ. ಅದು ಮಿತಿಯೊಳಗಿತ್ತು. ಪೈಲಟ್ ನಿಂಬಾಳಕರ ಅವರು ಪ್ರತಿಯೊಂದನ್ನೂ ತೂಗಿ, ಒಬ್ಬರು ಇಳಿದ ಮೇಲೆಯೇ ಹೊರಡಲು ಒಪ್ಪಿದರು. ಅವರು ತೂಗಿದ ನಂತರ ಎಪ್ಪತ್ತೆಂಟು ಕಿಲೋದ ಮೂರು ಪೆಟ್ಟಿಗೆಗಳನ್ನು ಹಿಂದಿನ ಬಾಗಿಲಿನಿಂದ ಇಡಿಸಲಾಯಿತು. ಇದನ್ನು ಕಣ್ಣಾರೆ ಕಂಡ ಖಲೀಲ, ಸಾಕಿನ್ ಸಿಂದಗಿ, ಇವರ ಹೇಳಿಕೆ ಇದರ ಜೊತೆಗಿದೆ.

ಇನ್ನೊಂದು ವಿಷಯವನ್ನು ನಾನಾಗಿಯೇ ತಿಳಿಸುತ್ತಿದ್ದೇನೆ. ಅಂದು ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಮಾಳಿಂಗ ನನಗೆ ಫೋನ್ ಮಾಡಿದ್ದ. ಅವನು ಹೇಳಿದ್ದು: "ಅಕ್ಕಾ, ವಿಮಾನ ಬ್ಯಾಡ ಅನಸ್ತೈತಿ. ಬಸ್ಸಿಗೆ ಬರ್ತೇವಿ. ಎರಡ ತಾಸ ತಡಾ ಆಗ್ತೈತಿ, ಎದುರ ಮೇಳದವರಿಗೆ ಕಾಯ್ರಿ ಅಂತ ಕೇಳ." ನಾನು ಹೇಳಿದ್ದು: "ನಾ ಯಾರ ಮುಂದೂ ಕೈ ಒಡ್ಡಂಗಿಲ್ಲ. ಹೊತ್ತ ಮುಳುಗೂದ್ರಾಗ ಡೊಳ್ಳ ತಗೊಂಡ ಬಂದ್ರ ಬಾ, ಇಲ್ಲಂದ್ರ ಈ ಮನಿ ಹೊಸ್ತಿಲಾ ತುಳೀಬ್ಯಾಡ." ಅವನು ಹೇಳಿದ್ದು: "ಆತಕ್ಕಾ, ಬರ್ತೇನಿ."

ಕೇಳಿದ್ದರೆ ಅವರು ಕಾಯುತ್ತಿದ್ದರು. ನಾನು ಕೇಳಲಿಲ್ಲ.

ಕಂಪನಿಯವರು ಇದನ್ನು ತಮಗೆ ಬೇಕಾದಂತೆ ಬಳಸಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿದೆ. ಆದರೂ ಇದರಲ್ಲಿ ಒಂದು ಸಾಲನ್ನೂ ಕೈಬಿಡಬಾರದೆಂದು ವಿನಂತಿ. ಹನ್ನೆರಡನೆಯ ತಾರೀಖಿನ ವಿಚಾರಣೆಯಲ್ಲಿ ಎಲ್ಲರ ಎದುರಿಗೆ ಇದನ್ನು ನಾನೇ ಓದುತ್ತೇನೆ.

ನನ್ನದನ್ನು ನಾನು ಬರೆದಿದ್ದೇನೆ. ಪೆಟ್ಟಿಗೆ ಇಡಿಸಿದವರು ತಮ್ಮದನ್ನು ಬರೆಯಲಿ.

ಭಾಗ್ಯಾ ರೇವಣಪ್ಪ